ಕೊನೆಯ ಗದ್ದೆಯ ತೂಬಮ್ಮ

ಅವರು ಒಂದು ಕಡೆ ನಿಂತು ಮಾತಾಡಿದ್ದನ್ನು ನಾನು ನೋಡಿಯೇ ಇಲ್ಲ. ಕೂತು ಮಾತಾಡುವುದಂತೂ ದೂರದ ಮಾತು. ಅವರ ಹತ್ತಿರ ಏನಾದರೂ ಕೇಳಬೇಕಾದರೆ ಜೊತೆಗೆ ನಡೆಯಬೇಕು. ಕಾಲುವೆಯ ದಂಡೆಯ ಮೇಲೆ ಅವರು ಮುಂದೆ, ಹೆಗಲ ಮೇಲೆ ಗುದ್ದಲಿ; ನಾನು ಹಿಂದೆ, ಕಂಕುಳಲ್ಲಿ ಫೈಲು. ನಮ್ಮ ಯೋಜನೆಯ ಹದಿನಾರು ಪುಟದ ಪ್ರಶ್ನಾವಳಿಯನ್ನು ನಾನು ತುಂಬಿದ್ದು ಹೀಗೆ ನಡೆದುಕೊಂಡೇ. ಅಕ್ಷರಗಳೆಲ್ಲ ಕುಂಟುತ್ತಿದ್ದವು. ಕಚೇರಿಯಲ್ಲಿ ಅದನ್ನು ನೋಡಿದ ನಮ್ಮ ಇಂಜಿನಿಯರು, "ಇದನ್ನ ಬಸ್ಸಲ್ಲಿ ನಿಂತ್ಕೊಂಡು ಬರೆದ್ಯೇನಯ್ಯಾ?" ಎಂದು ಕೇಳಿದ್ದರು.

ಮೊನ್ನೆ ಅವರ ಮಗಳು ಫೋನು ಮಾಡಿ, "ಅಮ್ಮ ಹೋಗ್ಬಿಟ್ರು ಸಾರ್. ಹನ್ನೊಂದನೇ ದಿನಕ್ಕೆ ತಪ್ಪದೆ ಬರ್ಬೇಕು" ಎಂದಾಗ ನನ್ನ ಕಣ್ಣಿಗೆ ಮೊದಲು ಬಂದದ್ದು ಅವರ ಮುಖವಲ್ಲ, ಬೆನ್ನು. ಮೂರು ವರ್ಷ ನಾನು ಹೆಚ್ಚಾಗಿ ನೋಡಿದ್ದು ಆ ಬೆನ್ನನ್ನೇ. ಫೋನು ಇಟ್ಟ ಮೇಲೆ ಸುಮ್ಮನೆ ಕೂತಿರಲಾರದೆ ನಮ್ಮ ಬೀದಿಯಲ್ಲಿ ನಾಲ್ಕು ಸಲ ಆ ಕಡೆಯಿಂದ ಈ ಕಡೆಗೆ ನಡೆದೆ. ಅಳು ಬಂತು. ನಡೆಯುತ್ತಲೇ ಅತ್ತೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಪ್ರಯೋಜನವಿಲ್ಲ. ಅವರ ಊರಿಗೇ ಹೋಗಿ ಆ ಹೆಸರು ಹೇಳಿದರೆ, "ಅಂಥೋರು ಇಲ್ಲಿ ಯಾರೂ ಇಲ್ಲ, ಪಕ್ಕದೂರಲ್ಲಿ ಕೇಳಿ" ಎನ್ನುತ್ತಾರೆ. ಪೆರೇಸಂದ್ರದಲ್ಲಿ ಬಸ್ಸಿಳಿದು ಒಳದಾರಿ ಹಿಡಿದು ಗಂಟೆ ಹೊತ್ತು ನಡೆದರೆ ಸಿಗುವ ಆ ಊರಿಗೆ ಅವರು ತೂಬಮ್ಮ. ಕೆರೆಯ ತೂಬು ತೆಗೆದು ಮುಚ್ಚುವವರು, ಕೆರೆ ಕೆಳಗಿನ ಗದ್ದೆಗಳಿಗೆಲ್ಲ ಸರದಿಯ ಪ್ರಕಾರ ನೀರು ಹಾಯಿಸುವವರು. ಅಂದರೆ ಊರಿನ ನೀರುಗಂಟಿ. ಆ ಕೆಲಸ ಅವರ ಗಂಡನ ಮನೆತನದ್ದು. ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಾಗ, ಇನ್ನು ಮೈದುನ ಗುದ್ದಲಿ ಹಿಡಿಯಲಿ ಎಂದು ಊರು ತೀರ್ಮಾನಿಸಿತಂತೆ. ಮೈದುನನಿಗೆ ಗೌರಿಬಿದನೂರಿನಲ್ಲಿ ಗಿರಣಿ ಕೆಲಸ ಸಿಕ್ಕಿತ್ತು. ಅವನು ಗುದ್ದಲಿಯ ಕಡೆ ತಿರುಗಿಯೂ ನೋಡಲಿಲ್ಲ.

"ಗೋಡೆಗೆ ಒರಗ್ಸಿದ್ ಗುದ್ಲಿ ತುಕ್ಕು ಹಿಡೀತಿತ್ತು. ನೋಡಕ್ಕಾಗ್ಲಿಲ್ಲ, ತಗಂಡೆ." ತಮ್ಮ ನೇಮಕಾತಿಯ ಬಗ್ಗೆ ಅವರು ಹೇಳುತ್ತಿದ್ದದ್ದು ಇಷ್ಟೇ.

ನನ್ನ ನೇಮಕಾತಿಯ ಕತೆ ಸ್ವಲ್ಪ ಉದ್ದ. ನಾನು ಹುಟ್ಟಿ ಬೆಳೆದದ್ದು ಚಿಂತಾಮಣಿ ಪೇಟೆಯಲ್ಲಿ. ಕೆರೆ ಎಂದರೆ ಬಸ್ಸಿನ ಕಿಟಕಿಯಲ್ಲಿ ಕಾಣುವ ಜಾಲಿ ಮರಗಳ ಬಯಲು ಎಂದಷ್ಟೇ ತಿಳಿದಿದ್ದವನು. ಎರಡು ಸಾವಿರದ ಇಸವಿಯ ಆಚೀಚಿನ ಆ ವರ್ಷಗಳಲ್ಲಿ ನಮ್ಮ ಸೀಮೆಗೆ ಒಂದು ಯೋಜನೆ ಬಂದಿತ್ತು. ಹಳೆಯ ಕೆರೆಗಳ ಹೂಳೆತ್ತಿಸುವುದು, ಏರಿ ಭದ್ರ ಮಾಡಿಸುವುದು, ಊರಿನವರದೇ ಒಂದು ಸಂಘ ಕಟ್ಟಿ ಕೆರೆಯನ್ನು ಅವರ ಕೈಗೆ ಒಪ್ಪಿಸುವುದು. ಪದವಿ ಮುಗಿಸಿ ಮನೆಯಲ್ಲಿ ಬೈಸಿಕೊಳ್ಳುತ್ತಿದ್ದ ನನಗೆ ಅದರಲ್ಲಿ ಕೆಲಸ ಸಿಕ್ಕಿತು. ಸಣ್ಣ ರೈತರಿಗೆ ಮಣ್ಣು ಮತ್ತು ನೀರಿನ ನಿರ್ವಹಣೆ ಕಲಿಸುವುದು ನನ್ನ ಕರ್ತವ್ಯ ಎಂದು ಆದೇಶದಲ್ಲಿ ಬರೆದಿತ್ತು. ಆ ಆದೇಶವನ್ನು ನಾನು ತೂಬಮ್ಮನಿಗೆ ಓದಿ ಹೇಳದೆ ಉಳಿದದ್ದು ನನ್ನ ಪುಣ್ಯ.

ಮೊದಲ ದಿನ ನಾನು ಹುಡುಕಿಕೊಂಡು ಹೋದಾಗ ಅವರು ಒಣಗಿದ ಕಾಲುವೆಯಲ್ಲಿ ಕಳೆ ಕೀಳುತ್ತಿದ್ದರು. ಕೆರೆಗೆ ನೀರು ಬಂದು ನಾಲ್ಕು ವರ್ಷವಾಗಿತ್ತು.

"ನೀರೇ ಇಲ್ವಲ್ಲಮ್ಮ, ಈಗ್ಯಾಕೆ ಕಾಲುವೆ ಚೊಕ್ಕ ಮಾಡ್ತಿದೀರಿ?" ಎಂದೆ.

"ನೆಂಟ್ರು ಬಂದ್ಮೇಲೆ ಮನೆ ಗುಡುಸ್ತಾರೇನಪ್ಪಾ?" ಎಂದು ಗುದ್ದಲಿ ಎತ್ತಿಕೊಂಡು ಹೊರಟೇ ಬಿಟ್ಟರು. ನಾನೂ ಹಿಂದೆ ಹೊರಟೆ. ಆವತ್ತು ಶುರುವಾದ ನಡಿಗೆ.

ಅವರಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಊರಿನವರನ್ನು ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಗದ್ದೆ ಹಿಡಿದು ಕರೆಯುತ್ತಿದ್ದರು. ಜೌಗು ಗದ್ದೆಯವನು ಜೌಗಪ್ಪ. ಬದುವಿನಲ್ಲಿ ಹೊಂಗೆಮರ ಇರುವವಳು ಹೊಂಗಮ್ಮ. ಕೆರೆ ಸಂಘದ ಅಧ್ಯಕ್ಷರ ಗದ್ದೆ ತೂಬಿನ ಪಕ್ಕದಲ್ಲೇ, ನೀರು ಮೊದಲು ಮುಟ್ಟುವ ಜಾಗದಲ್ಲಿತ್ತು. ಹಾಗಾಗಿ ಇಸ್ತ್ರಿ ಅಂಗಿ ತೊಟ್ಟು ಬೈಕಿನಲ್ಲಿ ಓಡಾಡುವ, ಬೋರ್‌ವೆಲ್ಲಿನ ದ್ರಾಕ್ಷಿ ತೋಟವೂ ಇರುವ ಅಂಥ ದೊಡ್ಡ ಮನುಷ್ಯ ಅವರ ಬಾಯಲ್ಲಿ "ತೂಬಿನ ಪಕ್ಕದೋನು". ಒಂದು ಮದುವೆಯಲ್ಲಿ ಗಂಡನ್ನು ನನಗೆ ಪರಿಚಯಿಸುತ್ತಾ, "ಇವ್ನು ಕಾಲುವೆ ನಾಕ್ನೇ ಗದ್ದೆ ಕಣಪ್ಪ, ಒಳ್ಳೇ ಹುಡ್ಗ, ಬದು ಒಡ್ಯಲ್ಲ" ಎಂದಿದ್ದರು. ಅವರ ಲೆಕ್ಕದಲ್ಲಿ ಒಬ್ಬ ಗಂಡಸಿನ ಬಗ್ಗೆ ಹೇಳಬಹುದಾದ ಅತಿ ದೊಡ್ಡ ಮಾತು ಅದು. ನನಗೆ ಗದ್ದೆ ಇರಲಿಲ್ಲ. ಎರಡು ದಿನ ಯೋಚಿಸಿ, ಕಂಕುಳಲ್ಲಿದ್ದ ಫೈಲು ನೋಡಿ, ಕಾಗದದಪ್ಪ ಎಂದು ಇಟ್ಟರು. ಆ ಊರಿನಲ್ಲಿ ಇವತ್ತಿಗೂ ನನಗೆ ಅದೇ ಹೆಸರು.

ನನ್ನ ಬೂಟುಗಳ ಮೇಲೆ ಅವರಿಗೆ ಬಲು ಸಿಟ್ಟು. ಅವರು ಬರಿಗಾಲಲ್ಲೇ ನಡೆಯುತ್ತಿದ್ದರು. ನೀರು ಹರಿಯುವ ದಿನಗಳಲ್ಲಿ ದಂಡೆಯ ಮೇಲೆ ಹೋಗುತ್ತಾ ಹೋಗುತ್ತಾ ಥಟ್ಟನೆ ಬಗ್ಗಿ ಗುದ್ದಲಿಯಿಂದ ಒಂದೇಟು ಹಾಕುತ್ತಿದ್ದರು. ಮಣ್ಣಿನೊಳಗೆ ಏಡಿ ಬಿಲ ಇರುತ್ತಿತ್ತು, ಅದರಲ್ಲಿ ನೀರು ಸೋರುತ್ತಿರುತ್ತಿತ್ತು. ಹೇಗೆ ಗೊತ್ತಾಯಿತು ಎಂದರೆ, "ಕಾಲು ತಣ್ಣಗಾಯ್ತಲ್ಲ" ಎನ್ನುತ್ತಿದ್ದರು. ಜೇಡಿಮಣ್ಣಿನಲ್ಲಿ ಒಂದು ಹಿಡಿ ಹುಲ್ಲು ಕಲಸಿ, ಮುದ್ದೆ ಕಟ್ಟಿ, ಬಿಲಕ್ಕೆ ತುರುಕಿ, ಹಿಮ್ಮಡಿಯಲ್ಲಿ ತುಳಿದು ಮುಂದೆ ನಡೆಯುತ್ತಿದ್ದರು. "ಬೂಟಾಕ್ಕಂಡೋನ್ಗೆ ನೆಲ ಏನೂ ಹೇಳಲ್ಲಪ್ಪ. ಹೇಳುದ್ರೂ ನಿಂಗೆ ಕೇಳ್ಸಲ್ಲ." ನಾನು ಒಂದು ದಿನ ಹಟಕ್ಕೆ ಬೂಟು ಬಿಚ್ಚಿ ನಡೆದೆ. ಸೋರಿಕೆ ಒಂದೂ ಸಿಗಲಿಲ್ಲ, ಜಾಲಿ ಮುಳ್ಳು ಮೂರು ಸಿಕ್ಕವು. ಮುಳ್ಳು ತೆಗೆದುಕೊಟ್ಟವರೂ ಅವರೇ. ತೆಗೆಯುವಾಗ ಎಷ್ಟು ನಕ್ಕರೆಂದರೆ ಪಿನ್ನು ಎರಡು ಸಲ ತಪ್ಪಿ ಬೇರೆ ಕಡೆ ಚುಚ್ಚಿತು.

ಇನ್ನು ಹೂಳಿನ ಪ್ರಸಂಗ. ಇಷ್ಟು ಹೂಳು ಇಷ್ಟು ದಿನದಲ್ಲಿ ಎತ್ತಬೇಕೆಂದು ನಮಗೆ ಗುರಿ ಕೊಟ್ಟಿದ್ದರು. ಏರಿಯ ಬುಡದಲ್ಲಿ, ತೂಬಿನ ಮುಂದೆ ಹೂಳು ದಪ್ಪವಾಗಿತ್ತು, ಟ್ರಾಕ್ಟರು ಬಂದು ನಿಲ್ಲುವುದಕ್ಕೂ ಅನುಕೂಲ. ಜೆಸಿಬಿಯವನು ಅಲ್ಲೇ ಅಗೆದ. ಅಗೆಯುತ್ತಾ ಹೋದ. ನಾನು ದಂಡೆಯ ಮೇಲೆ ಟ್ರಾಕ್ಟರು ಎಣಿಸುತ್ತಾ, ಗುರಿ ಮುಟ್ಟುವ ಖುಷಿಯಲ್ಲಿದ್ದೆ. ಮೂರನೆಯ ದಿನ ತೂಬಮ್ಮ ಬಂದವರು ಸೀದಾ ಗುಂಡಿಗೆ ಇಳಿದು, ಜೆಸಿಬಿಯ ಬಕೆಟ್ಟು ಬೀಳುವ ಜಾಗದಲ್ಲೇ ಸುತ್ತು ಹಾಕತೊಡಗಿದರು. ಜೆಸಿಬಿಯವನು ಬೆಚ್ಚಿ ಯಂತ್ರ ನಿಲ್ಲಿಸಿದ.

"ಕಾಗದದಪ್ಪಾ, ಬಾ ಇಲ್ಲಿ. ಬಾಟ್ಲೀಲಿ ನೀರೈತಾ?"

ಇತ್ತು. ಕುಡಿಯುವುದಕ್ಕಿರಬೇಕು ಎಂದು ಕೊಟ್ಟೆ. ಅವರು ಕುಡಿಯಲಿಲ್ಲ. ಗುಂಡಿಯ ಅಂಚಿನಲ್ಲಿ, ಇನ್ನೂ ಅಗೆಯದ ಕಡೆ, ಹೂಳಿನ ಕೆಳಗಿದ್ದ ಜೇಡಿ ಪದರದ ಮೇಲೆ ಅಂಗೈಯಗಲ ಕುಳಿ ಮಾಡಿ ಅರ್ಧ ಬಾಟಲಿ ಸುರಿದರು. ನೀರು ತಟ್ಟೆಯಲ್ಲಿ ನಿಂತ ಹಾಗೆ ನಿಂತಿತು. ಆಮೇಲೆ ಗುಂಡಿಯ ನಡುವೆ, ಯಂತ್ರ ಜೇಡಿಯನ್ನೂ ಕಿತ್ತು ಕೆಳಗಿನ ಗರಸು ಮಣ್ಣು ಕಾಣುತ್ತಿದ್ದ ಕಡೆ, ಉಳಿದರ್ಧ ಸುರಿದರು. ನಾನು ಬಗ್ಗಿ ನೋಡುವಷ್ಟರಲ್ಲಿ ಅಲ್ಲಿ ನೀರಿರಲಿಲ್ಲ, ಒದ್ದೆಯ ಗುರುತು ಮಾತ್ರ ಇತ್ತು.

"ನಿನ್ ಬಾಟ್ಲಿ ನೀರೇ ನಿಲ್ಲಲಿಲ್ಲ. ಕೆರೆ ನೀರು ನಿಲ್ತದಾ? ಪಾತ್ರೆ ಬೆಳಗು ಅಂದ್ರೆ ತಳಾನೇ ತೂತು ಮಾಡ್ಬಿಟ್ಯಲ್ಲೋ ಪುಣ್ಯಾತ್ಮಾ!"

ಬೈದದ್ದು ನನ್ನನ್ನೇ, ಆದರೆ ತಪ್ಪು ನನ್ನೊಬ್ಬನದೇ ಎಂದು ಅವರು ಊರಿನಲ್ಲಿ ಎಲ್ಲೂ ಹೇಳಲಿಲ್ಲ. ನಾನು ಕೆಲಸ ನಿಲ್ಲಿಸಿದೆ. ಕಚೇರಿಯಲ್ಲಿ ಬೈಸಿಕೊಂಡೆ. ಹದಿನೈದು ದಿನ, ಎತ್ತಿದ ಜೇಡಿಯನ್ನೇ ವಾಪಸ್ಸು ತಂದು ಹಾಸಿ, ನೀರು ಚಿಮುಕಿಸಿ, ಊರಿನ ದನಗಳನ್ನೆಲ್ಲ ಅದರ ಮೇಲೆ ಓಡಾಡಿಸಿ ಗಟ್ಟಿ ಮಾಡಿದೆವು. ದನ ಓಡಾಡಿಸುವ ಉಪಾಯ ಅವರದೇ. "ನಿನ್ ರೋಲರ್‌ಗೆ ಡೀಸೆಲ್ ಬೇಕು, ಇವಕ್ಕೆ ಬರೀ ಹುಲ್ಲು ಸಾಕು" ಎಂದರು. ಆ ವರದಿಯಲ್ಲಿ ನಾನು ದನಗಳ ವಿಷಯ ಬರೆಯಲಿಲ್ಲ. ಬರೆಯಲು ಕಾಲಮ್ಮು ಇರಲಿಲ್ಲ.

ಎತ್ತಿದ ಹೂಳು ಯಾರ ಹೊಲಕ್ಕೆ ಎಷ್ಟು ಎಂಬುದರಲ್ಲೂ ನಾನು ಜಾಣತನ ತೋರಿಸಲು ಹೋಗಿದ್ದೆ. ಎಲ್ಲರಿಗೂ ಸಮ ಎಂದು ಎಕರೆಗೆ ಇಂತಿಷ್ಟು ಟ್ರಾಕ್ಟರು ಎಂದು ಪಟ್ಟಿ ಬರೆದೆ. ಅದನ್ನು ಓದಿ ಹೇಳಿದಾಗ, "ಊರ್ ಹೆಂಗಸ್ರಿಗೆಲ್ಲ ಒಂದೇ ಅಳ್ತೇಲಿ ರವಿಕೆ ಹೊಲಿಸ್ದಂಗಾಯ್ತು" ಎಂದರು. ಆಮೇಲೆ ನನ್ನನ್ನು ಹೊಲ ಹೊಲಕ್ಕೂ ನಡೆಸಿಕೊಂಡು ಹೋಗಿ, ಒಂದೊಂದು ಕಡೆಯ ಮಣ್ಣನ್ನೂ ಮುಷ್ಟಿಯಲ್ಲಿ ಹಿಡಿದು ಬಿಟ್ಟು ತೋರಿಸಿದರು. ದಿಣ್ಣೆಯ ಕೆಂಪು ಮರಳು ಮಣ್ಣು ಬೆರಳಿನ ಸಂದಿಯಲ್ಲಿ ಸುರಿದುಹೋಗುತ್ತದೆ, ಅದಕ್ಕೆ ಹೂಳು ಬೇಕು, ಇದ್ದಷ್ಟೂ ಬೇಕು. ಜೌಗಪ್ಪನ ಗದ್ದೆಯ ಮಣ್ಣು ಉಂಡೆಯಾಗಿಯೇ ಉಳಿಯುತ್ತದೆ, ಅದಕ್ಕೆ ಒಂದು ಬುಟ್ಟಿಯೂ ಬೇಡ. ಜೌಗಪ್ಪ ಮುನಿಸಿಕೊಂಡ. ತನ್ನ ಪಾಲಿನ ಹೂಳು ತನಗೆ ಬರಲೇಬೇಕೆಂದು ಹಟ ಹಿಡಿದು ಮೂರು ಟ್ರಾಕ್ಟರು ಹಾಕಿಸಿಕೊಂಡ. ತೂಬಮ್ಮ, "ಪೋನೀಲೆ, ಹೋಗ್ಲಿ ಬಿಡು, ಬೀಗ್ರ ಮನೇಲಿ ಒಂದ್ ಹೋಳಿಗೆ ಜಾಸ್ತಿ ತಿಂದೋನು ತಾನೇ ಅನುಭವಿಸ್ತಾನೆ" ಎಂದರು. ಆ ಮಳೆಗಾಲ ಅವನ ಗದ್ದೆಯಲ್ಲಿ ಎಮ್ಮೆಗಳು ಮಾತ್ರ ಸುಖವಾಗಿದ್ದವು.

ಇಷ್ಟೆಲ್ಲ ಆದ ಮೇಲೂ ಅವರಿಗೊಂದು ಉಪಕಾರ ಮಾಡಬೇಕೆಂದು ನನಗೆ ಅನಿಸಿದ್ದು ನನ್ನ ಗ್ರಹಚಾರ. ನೀರುಗಂಟಿ ಮನೆತನಕ್ಕೆ ಊರು ಹಿಂದೆಂದೋ ಬಿಟ್ಟುಕೊಟ್ಟಿದ್ದ ಅರ್ಧ ಎಕರೆ ಗದ್ದೆಯೊಂದಿತ್ತು. ಅದು ಇದ್ದದ್ದು ಕಾಲುವೆಯ ಕಟ್ಟಕಡೆಯಲ್ಲಿ. ಊರಿನ ಎಲ್ಲರ ಗದ್ದೆಗೂ ನೀರು ಹಾಯ್ದು, ಉಳಿದರೆ ಅವರಿಗೆ. ನನಗೆ ಇದು ಘೋರ ಅನ್ಯಾಯ ಎನಿಸಿತು. ಊರಿಗೆಲ್ಲ ನೀರು ಕೊಡುವವರಿಗೇ ಕೊನೆಯ ಪಾಲು! ಸಂಘದ ಸಭೆಯಲ್ಲಿ ಎದ್ದು ನಿಂತು ಭಾಷಣ ಮಾಡಿದೆ. ತೂಬಿನ ಹತ್ತಿರ ಖಾಲಿ ಬಿದ್ದಿರುವ ಜಾಗವನ್ನು ಅವರಿಗೆ ಕೊಡಬೇಕು ಎಂದೆ. ಅಧ್ಯಕ್ಷರು ತಕ್ಷಣ, "ಆಗ್ಲಿ ಸಾರ್, ಪಾಪ, ಕೊಡೋಣ" ಎಂದರು. ಅವರ ಹೃದಯ ಎಷ್ಟು ದೊಡ್ಡದು ಎಂದು ನಾನು ಮೆಚ್ಚಿದೆ. ಅವರು ಅಷ್ಟು ಬೇಗ ಒಪ್ಪಿದ್ದೇಕೆ ಎಂದು ಯೋಚಿಸುವ ಬುದ್ಧಿ ನನಗೆ ಆಗ ಇರಲಿಲ್ಲ.

ಓಡಿಹೋಗಿ ತೂಬಮ್ಮನಿಗೆ ಹೇಳಿದೆ. ಅವರ ನಡಿಗೆ ಜೋರಾಯಿತು. ಸಿಟ್ಟು ಬಂದರೆ ಅವರು ದನಿ ಏರಿಸುತ್ತಿರಲಿಲ್ಲ, ಹೆಜ್ಜೆ ಬೀಸುತ್ತಿದ್ದರು. ನಾನು ಓಡಬೇಕಾಯಿತು.

"ನಮ್ ಮಾವನೋರ್ ಕಾಲ್ದೋರು ದಡ್ರೇನಪ್ಪಾ? ನೀರುಗಂಟಿ ಗದ್ದೆ ಕೊನೇಲಿ ಯಾಕ್ ಇಕ್ಕಿದ್ರು?"

"ಯಾಕೆ?"

"ತೂಬ್ ತಾವೇ ನನ್ ಗದ್ದೆ ಇದ್ರೆ, ನಂದು ನೆಂದ್ಮೇಲೆ ನಾನ್ಯಾಕಪ್ಪಾ ಅಷ್ಟ್ ದೂರ ನಡೀಲಿ? ಏಡಿ ಬಿಲ ಯಾಕ್ ಮುಚ್ಲಿ? ಮಧ್ಯದಲ್ ಯಾವನೋ ಕಾಲುವೆ ಒಡ್ದು ನೀರು ಕದ್ರೆ ಯಾಕ್ ಜಗಳ ಆಡ್ಲಿ? ಮನೇಗ್ ಹೋಗಿ ಮಲಿಕ್ಕಂತೀನಿ. ನನ್ ಗದ್ದೆ ಕೊನೇಲೈತೆ, ಅದುಕ್ಕೇ ನಡೀತೀನಿ. ನಂಗೆ ನೀರು ಮುಟ್ಟಿದ್ರೆ ಊರ್ಗೆಲ್ಲ ಮುಟ್ಟಿದಂಗೆ."

ಸ್ವಲ್ಪ ದೂರ ಹೋದ ಮೇಲೆ ಹೆಜ್ಜೆ ಸಡಿಲಿಸಿ, ನಗುತ್ತಾ ಹೇಳಿದರು: "ಬಡ್ಸೋರು ನಮ್ಮೋರಾದ್ರೆ ಕೊನೇ ಪಂಕ್ತೀಲಿ ಕುಂತ್ರೇನು ಅಂತಾರಲ್ಲ, ಆ ಗಾದೆ ಕಟ್ಟಿದೋನು ಬರೀ ಉಣ್ಣೋನು. ಬಡ್ಸೋಳೇ ಕೊನೇ ಪಂಕ್ತೀಲಿ ಕುಂತ್ರೆ ಯಾರೂ ನಮ್ಮೋರಾಗೋದೇ ಬೇಡ. ಎಲ್ಲಾರ್ಗೂ ಸಾಲ್ತದೆ."

ಯೋಜನೆಯವರು ನಮ್ಮನ್ನು ಎರಡು ವಾರದ ತರಬೇತಿಗೆ ಕಳಿಸಿದ್ದರು. ಅಲ್ಲಿ ಕಲಿತದ್ದು ಒಂದೂ ನೆನಪಿಲ್ಲ. ಈ ಮಾತು ಮಾತ್ರ ಮರೆತಿಲ್ಲ.

ಅದೇ ವರ್ಷ ಮಳೆ ಬಂತು. ಕೆರೆ ಕೋಡಿ ಬೀಳಲಿಲ್ಲ, ಆದರೆ ಅರ್ಧ ತುಂಬಿತು. ಜನ ಏರಿಯ ಮೇಲೆ ಬಂದು ನಿಂತು ನೋಡಿದ್ದೇ ನೋಡಿದ್ದು. ಕೆಲವು ಮಕ್ಕಳು ಕೆರೆಯಲ್ಲಿ ನೀರು ಕಂಡದ್ದೇ ಮೊದಲ ಸಲ. ನಾವು ದನ ತುಳಿಸಿ ಗಟ್ಟಿ ಮಾಡಿದ ತಳದ ಮೇಲೆ ನೀರು ನಿಂತಿದ್ದನ್ನು ನೋಡಿ ನನಗೂ ಎದೆ ತುಂಬಿ ಬಂತು. ತೂಬಮ್ಮ ಮಾತ್ರ ನೀರನ್ನು ನೋಡಲಿಲ್ಲ, ತೂಬಿನ ಕಲ್ಲುಗಂಬವನ್ನು ನೋಡಿದರು. ಅದರ ಮೇಲೆ ಹಿಂದಿನವರು ಕೊರೆದ ಎಂಟು ಗೆರೆಗಳಿದ್ದವು. "ನಾಕು ಗೆರೆ. ಈ ಸಲ ರಾಗಿ" ಎಂದು ಹೇಳಿ ನಡೆದರು.

ತೊಂದರೆ ಶುರುವಾದದ್ದು ಅಲ್ಲಿ. ಎಂಟು ಗೆರೆ ನೀರಿದ್ದರೆ ಎಲ್ಲರೂ ಭತ್ತ, ನಾಲ್ಕು ಗೆರೆಯಾದರೆ ಎಲ್ಲರೂ ರಾಗಿ ಎಂಬುದು ಆ ಕೆರೆಯ ಹಳೆಯ ಕಟ್ಟಳೆ. ಆದರೆ ಅಷ್ಟು ವರ್ಷದ ಮೇಲೆ ನೀರು ಕಂಡವರಿಗೆ ಅನ್ನದ ಆಸೆ. ಅಧ್ಯಕ್ಷರು ಮತ್ತು ತೂಬಿನ ಹತ್ತಿರದ ನಾಲ್ಕಾರು ಜನ ನಾಟಿಯ ಸಸಿಗೆಂದು ಭತ್ತದ ಒಟ್ಲು ಹಾಕಿಯೇಬಿಟ್ಟಿದ್ದರು. ಅವರು ಭತ್ತ ನಾಟಿ ಮಾಡಿದರೆ ಕೆರೆಯ ನೀರೆಲ್ಲ ಅಲ್ಲೇ ಮುಗಿಯುತ್ತಿತ್ತು. ಕಾಲುವೆಯ ಕೆಳತುದಿಯ ಹದಿನಾಲ್ಕು ಮನೆಯವರಿಗೆ, ಎಲ್ಲ ಅರ್ಧ ಎಕರೆ, ಕಾಲು ಎಕರೆಯವರು, ಈ ವರ್ಷವೂ ಬೆಳೆಯಿಲ್ಲ. ಅದರ ಜೊತೆಗೆ ನಮ್ಮ ಯೋಜನೆಯೂ ಒಂದು ಬೆಂಕಿ ಹಚ್ಚಿತ್ತು. ತೂಬಿನ ಹಳೆಯ ಬೆಣೆ ತೆಗೆದು, ಚಕ್ರ ತಿರುಗಿಸಿದರೆ ಏಳುವ ಕಬ್ಬಿಣದ ಬಾಗಿಲು ಹಾಕಿಸಿದ್ದೆವು. ಅದಕ್ಕೊಂದು ಬೀಗ. ಬೀಗದ ಕೈ ಯಾರ ಹತ್ತಿರ ಇರಬೇಕು? ನಿಯಮದ ಪ್ರಕಾರ ಸಂಘದ ಅಧ್ಯಕ್ಷರ ಹತ್ತಿರ. ನಿಯಮ ಓದಿ ಹೇಳಿದವನು ನಾನೇ. ಅದು ಅವರ ಜೇಬಿಗೆ ಹೋದರೆ ತೂಬಮ್ಮನ ಗುದ್ದಲಿಗೆ ಕೆಲಸವಿಲ್ಲ, ಆ ಹದಿನಾಲ್ಕು ಮನೆಗೆ ನೀರಿಲ್ಲ ಎಂದು ಓದಿ ಮುಗಿಸಿದ ಮೇಲೆ ಹೊಳೆಯಿತು.

ಮಾರನೆಯ ಬೆಳಿಗ್ಗೆ ಹಾಲಿನ ಡೇರಿಯ ಮುಂದೆ ಸಭೆ. ಹಾಲು ಹಾಕಲು ಬಂದ ಹೆಂಗಸರೂ ಕ್ಯಾನು ಹಿಡಿದುಕೊಂಡೇ ನಿಂತಿದ್ದರು. ಅಧ್ಯಕ್ಷರು ಸಮಾಧಾನವಾಗಿ ಮಾತಾಡಿದರು. ಕೆಟ್ಟವರಲ್ಲ ಅವರು, ತಮ್ಮದು ಮೊದಲು ಎಂದುಕೊಂಡವರು, ಅಷ್ಟೇ.

"ಈಗ ಚಕ್ರ ತಿರುಗ್ಸಿದ್ರೆ ನೀರ್ ಬರ್ತದೆ. ತೂಬಮ್ಮಂಗೂ ವಯಸ್ಸಾಯ್ತು. ಪಾಪ, ಬಿಸ್ಲಲ್ಲಿ ಎಷ್ಟು ನಡೀತಾರೆ? ಬೀಗದ್ ಕೈ ನನ್ ಹತ್ರ ಇರ್ಲಿ. ಯಾರ್ಗೂ ಮೋಸ ಮಾಡಲ್ಲ" ಎಂದರು.

ಕೆಳತುದಿಯವರು ಗೊಣಗಿದರು. ನಾನಂತೂ ಫೈಲಿನ ಹಿಂದೆ ಮುಖ ಮುಚ್ಚಿಕೊಂಡಿದ್ದೆ. ತೂಬಮ್ಮ ಅಲ್ಲೂ ನಿಂತಿರಲಿಲ್ಲ, ಗುಂಪಿನ ಸುತ್ತ ನಡೆಯುತ್ತಲೇ ಇದ್ದರು. ಹಾಗೇ ಬಂದು ಗುದ್ದಲಿಯನ್ನು ಅಧ್ಯಕ್ಷರ ಕುರ್ಚಿಗೆ ಒರಗಿಸಿದರು.

"ಇಟ್ಕಳಪ್ಪ ತೂಬಿನ್ ಪಕ್ಕದೋನೇ. ಬೀಗದ್ ಕೈನೂ ಇಟ್ಕ, ಗುದ್ಲೀನೂ ಇಟ್ಕ. ನಾನ್ ಬ್ಯಾಡ ಅನ್ನಲ್ಲ."

ಅಧ್ಯಕ್ಷರ ಮುಖ ಅರಳಿತು.

"ಆದ್ರೆ ಕೈ ಜೊತೆಗೆ ಗದ್ದೇನೂ ತಗೋಬೇಕು. ಅದು ಇದು ಬೇರೆ ಮಾಡಂಗಿಲ್ಲ. ನನ್ ಕೊನೇ ಗದ್ದೆ ನಿಂಗೆ, ತೂಬ್ ತಾವಿರೋ ನಿನ್ ಗದ್ದೇಲಿ ಅಷ್ಟೇ ತುಂಡು ನಂಗೆ. ಇವತ್ತೇ ಬದ್ಲಾಯಿಸ್ಕಳಣ. ಮಿಕ್ಕಿದ್ರಲ್ಲಿ ನೀನು ಭತ್ತ ನಾಟಿ ಮಾಡ್ಕ, ಕಬ್ಬೇ ನಾಟಿ ಮಾಡ್ಕ. ನನ್ ಹಳೇ ಗದ್ದೆ ನೆನೀಬೇಕು, ಅಷ್ಟೆ. ಏನಂತೀಯಾ?"

ಎಲ್ಲರೂ ಅಧ್ಯಕ್ಷರ ಮುಖ ನೋಡಿದರು. ಅವರು ಮನಸ್ಸಿನಲ್ಲೇ ತೂಬಿನಿಂದ ಕೊನೆಯ ಗದ್ದೆಯವರೆಗೆ ಒಂದು ಸಲ ನಡೆದುಹೋಗಿ ಬಂದರು ಎಂದು ಕಾಣುತ್ತದೆ. ಆಗ ಹಾಲಿನ ಕ್ಯಾನುಗಳ ಮಧ್ಯದಿಂದ ಒಂದು ನಗು ಕಿಸಕ್ಕೆಂದಿತು. ಯಾರೆಂದು ನೋಡಿದರೆ ಅಧ್ಯಕ್ಷರ ಹೆಂಡತಿಯೇ. ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ. "ಇವ್ರು ಡೇರಿಗೂ ಬೈಕಲ್ಲಿ ಬರ್ತಾರೆ, ಕೊನೇ ಗದ್ದೆ ತಂಕ ನಡೀತಾರಾ!" ಎಂದರು. ಆಮೇಲೆ ಯಾರನ್ನೂ ತಡೆಯಲಾಗಲಿಲ್ಲ. ಇಡೀ ಸಭೆ ನಕ್ಕಿತು. ಕೊನೆಗೆ ಅಧ್ಯಕ್ಷರೂ ನಕ್ಕು, ಬೀಗದ ಕೈಯನ್ನು ಗುದ್ದಲಿಯ ಹಿಡಿಗೆ ಕಟ್ಟಿ, ಎರಡನ್ನೂ ತೂಬಮ್ಮನ ಕೈಗೆ ಕೊಟ್ಟರು. ಭತ್ತದ ಒಟ್ಲು ದನಗಳಿಗೆ ಮೇವಾಯಿತು. ನಾನು ನಿಯಮದ ಪುಸ್ತಕದಲ್ಲಿ, ಬೀಗದ ಕೈ ಕೊನೆಯ ಗದ್ದೆಯವರ ಹತ್ತಿರ ಇರತಕ್ಕದ್ದು ಎಂದು ಕೈಬರಹದಲ್ಲಿ ಸೇರಿಸಿ ಎಲ್ಲರ ಸಹಿ, ಹೆಬ್ಬೆಟ್ಟು ಹಾಕಿಸಿದೆ. ಆ ಮೂರು ವರ್ಷದಲ್ಲಿ ನಾನು ಬರೆದ ಕಾಗದಗಳಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ.

ಆ ಸಲದ ರಾಗಿಯನ್ನು ಈಗ ನೆನೆದರೂ ಖುಷಿಯಾಗುತ್ತದೆ. ಒಂದೊಂದು ಸರದಿಯೂ ತೂಬಿನಿಂದ ಶುರುವಾಗಿ ಅವರ ಗದ್ದೆಯಲ್ಲಿ ಮುಗಿಯುತ್ತಿತ್ತು. ತಮ್ಮ ಗದ್ದೆಗೆ ನೀರು ಬಂದೊಡನೆ ಅವರು ಕೆರೆಯ ಕಡೆ ತಿರುಗಿ, ಎರಡೂ ಕೈ ಬಾಯಿಗೆ ಅಡ್ಡ ಹಿಡಿದು, "ಮುಟ್ತಪ್ಪೋ!" ಎಂದು ಕೂಗುತ್ತಿದ್ದರು. ಪಕ್ಕದ ಗದ್ದೆಯವರು ಅದನ್ನು ಹಿಡಿದು ಮುಂದಕ್ಕೆ ಕೂಗುವರು, ಅವರ ಪಕ್ಕದವರು ಮುಂದಕ್ಕೆ. ಹೀಗೆ ಮಾತು ಗದ್ದೆಯಿಂದ ಗದ್ದೆಗೆ ಹಾರಿ ತೂಬಿಗೆ ಮುಟ್ಟಿದರೆ ಅಲ್ಲಿದ್ದವರು ಚಕ್ರ ತಿರುಗಿಸಿ ನೀರು ನಿಲ್ಲಿಸುತ್ತಿದ್ದರು. ಒಂದು ಹನಿ ದಂಡವಾಗುತ್ತಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಒಂದು ಚೀಲ ರಾಗಿಯನ್ನು ನನ್ನ ತಲೆಯ ಮೇಲೆ ಹೊರಿಸಿ, "ನಿಮ್ಮಮ್ಮಂಗೆ ಕೊಡು. ಮಗ ಕೆರೆ ತಳ ತೂತು ಮಾಡಿ ಆಮೇಲೆ ಮುಚ್ಚಿ ಬೆಳೆದ್ ರಾಗಿ ಅಂತ ಹೇಳು" ಎಂದರು. ಪೆರೇಸಂದ್ರದವರೆಗೆ ಹೊತ್ತು ನಡೆದೆ. ಅಷ್ಟು ಹೆಮ್ಮೆಯಿಂದ ಹಿಂದೆಂದೂ ನಡೆದಿರಲಿಲ್ಲ.

ಯೋಜನೆ ಮುಗಿಯಿತು. ನಾನು ಚಿಕ್ಕಬಳ್ಳಾಪುರದಲ್ಲಿ ಬೇರೊಂದು ಕೆ‌ಲಸಕ್ಕೆ ಸೇರಿದೆ. ಮೊದಲೆರಡು ವರ್ಷ ಹೋಗಿ ಬರುತ್ತಿದ್ದೆ, ಆಮೇಲೆ ಬರೀ ಫೋನು. ಫೋನಿನಲ್ಲೂ ಅವರ ಉಸಿರು ಕೇಳಿದರೆ ನಡೆಯುತ್ತಲೇ ಮಾತಾಡುತ್ತಿದ್ದಾರೆ ಎಂದು ತಿಳಿಯುತ್ತಿತ್ತು. ಕೊನೆಕೊನೆಗೆ ಆ ಉಸಿರಿನ ಸದ್ದು ಕೇಳಿಸಲಿಲ್ಲ. "ಮಂಡಿ ಮಾತು ಕೇಳಲ್ಲ ಕಣಪ್ಪ" ಎಂದಿದ್ದರು. ಹಾಗಾದರೆ ನೀರು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದೆ. "ನೋಡ್ಕಂತಾನೆ ಒಬ್ಬ. ಬಂದಾಗ ನೀನೇ ನೋಡೀಯಂತೆ" ಎಂದು ಪಕಪಕ ನಕ್ಕರು. ಬರುತ್ತೇನೆ ಎಂದೆ. ಹೋಗಲಿಲ್ಲ. ಅದೊಂದು ನನಗೆ ಇವತ್ತಿಗೂ ಚುಚ್ಚುತ್ತದೆ.

ತಿಥಿಯ ದಿನ ಹೋದೆ. ಊಟಕ್ಕೆ ಕೊನೆಯ ಪಂಕ್ತಿಯಲ್ಲೇ ಕೂತೆ, ಬೇಕೆಂದೇ. ಬಡಿಸಿದವರು ಕೆಳತುದಿಯ ಆ ಹದಿನಾಲ್ಕು ಮನೆಯವರು, ಯಾವುದೂ ಕಡಿಮೆಯಾಗಲಿಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕಡೆ ಕೂಲಿಗಿದ್ದ ಮಗಳು ಊರಿಗೇ ಬಂದು ನೆಲೆಸಿದ್ದಾಳೆ ಎಂದು ಗೊತ್ತಾಯಿತು. ಅವಳನ್ನು ಮಾತಾಡಿಸೋಣ ಎಂದರೆ, ಊಟ ಮುಗಿದದ್ದೇ ಎಲ್ಲಿಗೋ ಹೋಗಿಬಿಟ್ಟಿದ್ದಳು. ಸರಿ, ಕಾಲುವೆಯನ್ನಾದರೂ ನೋಡಿ ಹೋಗೋಣ ಎಂದು ಹೊರಟೆ.

ಕಾಲುವೆಯಲ್ಲಿ ನೀರು ಹರಿಯುತ್ತಿತ್ತು. ದಂಡೆಯ ಮೇಲೆ ದೂರದಲ್ಲಿ ಯಾರೋ ಹೋಗುತ್ತಿದ್ದರು. ಪಂಚೆ ಮೇಲಕ್ಕೆ ಕಟ್ಟಿದ್ದಾರೆ, ಬರಿಗಾಲು, ಹೆಗಲ ಮೇಲೆ ಆ ಗುದ್ದಲಿ. ಹಿಡಿಯಲ್ಲಿ ಬೀಗದ ಕೈ ತೂಗಾಡುತ್ತಿತ್ತು. ಓಡಿ ಹತ್ತಿರ ಹೋಗಿ ನೋಡಿದರೆ ಅಧ್ಯಕ್ಷರು! ಹೊಟ್ಟೆ ಕರಗಿ ಅರ್ಧವಾಗಿತ್ತು.

"ನೀವಾ!" ಎಂದೆ. "ನಿಮ್ಮ ಗದ್ದೆ ತೂಬಿನ ಪಕ್ಕದಲ್ಲಲ್ವಾ?"

"ಇತ್ತು. ಈಗ ಅದ್ರಲ್ಲಿ ಅರ್ಧ ಎಕರೆ ಆವಮ್ಮನ್ ಮಗಳದು. ಹಿಪ್ಪುನೇರಳೆ ಹಾಕವ್ಳೆ, ಚೆನ್ನಾಗೈತೆ. ನಂದು ಕೊನೇದು." ಅವರು ನಿಲ್ಲಲಿಲ್ಲ. "ನಿಂತ್ಕಂಡ್ ಮಾತಾಡಕ್ಕೆ ಹೊತ್ತಿಲ್ಲ ಕಾಗದದಪ್ಪ. ನೀರ್ ಬಿಟ್ಟಿದೀನಿ. ಬನ್ನಿ, ನಡೀತಾ ಮಾತಾಡಣ."

ನಾನು ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಹಿಂದೆ ಹೊರಟೆ. ನಡೆಯುತ್ತಾ ಹೇಳಿದರು. ಮಂಡಿ ಕೈಕೊಟ್ಟ ಮೇಲೆ ತೂಬಮ್ಮ ಒಂದು ದಿನ ಕೋಲೂರಿಕೊಂಡು ಇವರ ಮನೆಯ ಬಾಗಿಲಿಗೆ ಬಂದರಂತೆ. "ಅವತ್ತು ಡೇರಿ ಮುಂದೆ ಕೇಳಿದ್ದೆ, ನೀನು ಜವಾಬು ಹೇಳ್ಲೇ ಇಲ್ಲ. ಈಗ ಹೇಳು" ಎಂದರಂತೆ.

"ನಂಗೆ ತಪ್ಪಿಸ್ಕಳಕ್ಕಾಗ್ಲಿಲ್ಲ ಸಾರ್. ಗುದ್ಲಿ ತಗಳ್ಳೋರು ಊರಲ್ ಇನ್ಯಾರೂ ಇರ್ಲಿಲ್ಲ. ನನ್ ಹೆಂಡ್ತಿ ಒಳಗಿಂದ್ಲೇ 'ಆಗ್ಲಿ ಅನ್ರೀ' ಅಂದ್ಳು. ಅಂದ್ಬಿಟ್ಟೆ." ಗುದ್ದಲಿಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿ ಸೇರಿಸಿದರು: "ಸಕ್ರೆ ಕಾಯ್ಲೇನೂ ಇಳಿದೈತೆ."

ಹಾಗೆನ್ನುತ್ತಲೇ ಥಟ್ಟನೆ ಬಗ್ಗಿ ದಂಡೆಗೆ ಗುದ್ದಲಿಯಿಂದ ಒಂದೇಟು ಹಾಕಿದರು. ಏಡಿ ಬಿಲ. ನಾನು ಅದರ ಮೇಲೆಯೇ ಕಾಲಿಟ್ಟು ದಾಟಿ ಹೋಗಿದ್ದೆ.

"ಇವತ್ತು ತಿಥಿ. ಇವತ್ತೊಂದಿನ ಬಿಡಬಹುದಿತ್ತಲ್ಲ?" ಎಂದೆ.

"ಸರದಿ ಇವತ್ತೇ ಐತಲ್ಲ. ಬಿಟ್ಟಿದ್ರೆ ಆವಮ್ಮ ಎದ್ ಬಂದು ಬೈತಿದ್ಲು." ಬಿಲಕ್ಕೆ ಜೇಡಿ ತುರುಕಿ, ಹಿಮ್ಮಡಿಯಲ್ಲಿ ತುಳಿದು, ಮುಂದೆ ನಡೆದರು.

ಕೊನೆಯ ಗದ್ದೆಗೆ ಬಂದೆವು. ನೀರು ನಮ್ಮ ಹಿಂದೆಯೇ ಬಂದು, ಬದುವಿನ ಬಾಯಲ್ಲಿ ಒಂದು ಗಳಿಗೆ ತಡೆದು, ರಾಗಿ ಪೈರಿನ ಸಾಲಿಗೆ ಇಳಿಯಿತು. ಅಧ್ಯಕ್ಷರು ಗುದ್ದಲಿ ಕೆಳಗಿಟ್ಟು, ಕೆರೆಯ ಕಡೆ ತಿರುಗಿ, ಎರಡೂ ಕೈ ಬಾಯಿಗೆ ಅಡ್ಡ ಹಿಡಿದರು.

"ಮುಟ್ತಪ್ಪೋ!"

ಪಕ್ಕದ ಗದ್ದೆಯವನು ಹಿಡಿದುಕೊಂಡ. ಅವನಾಚೆ ಹೊಂಗಮ್ಮ, ಅವಳಾಚೆ ಜೌಗಪ್ಪ. ಕೂಗು ಸಣ್ಣದಾಗುತ್ತಾ ದೂರ ದೂರ ಹೋಯಿತು. ನಾವು ಕಿವಿಗೊಟ್ಟು ಕಾದೆವು. ಆಮೇಲೆ ತೂಬಿನ ಕಡೆಯಿಂದ, ಅಷ್ಟು ದೂರದಿಂದ, ತೂಬಮ್ಮನದೇ ಗಂಟಲು ಎನ್ನುವಂತೆ ಮಗಳ ದನಿ ತಿರುಗಿ ಬಂತು: "ಆಯ್ತಪ್ಪೋ, ಮುಚ್ತೀನಿ!"